ಸಿಎ ಸೈಟಿನ ತೋಟಕ್ಕೆ ಬಂದ ನಾಲ್ಕು ಬೆಕ್ಕುಗಳು: ಊಟ ಹಾಕಲಾ, ಬೇಡವಾ?

ದಂಟಿನಸೊಪ್ಪು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವಿರುವುದು ಬೆಂಗಳೂರಿನ ಒಂದು ಹಳೇ ಲೇಔಟಿನಲ್ಲಿ. ಇಲ್ಲಿನ ಸಿಎ ಸೈಟೊಂದು (ಲೇಔಟಿನ ಸಾರ್ವಜನಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ) ವರ್ಷಗಟ್ಟಲೆ ಕಾಂಗ್ರೆಸ್ ಕಳೆ ಬೆಳೆದುಕೊಂಡು, ಮನೆ ಒಡೆಸಿದವರೆಲ್ಲ ತಂದು ಸುರಿದ ಇಟ್ಟಿಗೆ ಚೂರು ತುಂಬಿಕೊಂಡು ಹಾಳು ಬಿದ್ದಿತ್ತು. ಎರಡು ವರ್ಷದ ಹಿಂದೆ ಹದಿನಾಲ್ಕು ಮನೆಯವರು ಸೇರಿ ಅದನ್ನು ಹಸನು ಮಾಡಿ, ಮನೆಗೊಂದು ಮಡಿ ಅಂತ ಹಂಚಿಕೊಂಡೆವು. ದಂಟು, ಮೆಂತ್ಯ, ಬದನೆ, ಬೇಲಿಗೆ ಹಾಗಲ. ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದು ಗೊಬ್ಬರದ ಗುಂಡಿ.

ಆ ಗುಂಡಿಯ ಹಿಂದೆ ಹಳೇ ಶೀಟುಗಳ ರಾಶಿ ಇದೆ. ದೀಪಾವಳಿ ಕಳೆದ ಮೇಲೆ ಅಲ್ಲಿ ಬೆಕ್ಕುಗಳು ಸೇರಿಕೊಂಡಿವೆ. ಒಂದು ಕೆಂಪಗಿನ ದಪ್ಪ ತಲೆಯದು, ಕಿವಿ ಹರಿದಿದೆ, ಅದಕ್ಕೆ ಕೆಂಚ ಅಂತ ಹೆಸರಿಟ್ಟಿದ್ದೇನೆ. ಬಿಳಿ, ಹಳದಿ, ಕಪ್ಪು ಮೂರೂ ಇರುವುದು ಚಿತ್ರಾನ್ನ. ಬೂದು ಪಟ್ಟೆಯ ಒಂದು ಅರೆಬೆಳೆದ ಮರಿ ಬೂದಿ. ಇನ್ನೊಂದು ಕಪ್ಪು ಬಿಳಿ, ಅದರ ಬಾಲ ಮಾತ್ರ ನೋಡಿದ್ದೇನೆ. ಹತ್ತಿರ ಹೋದರೆ ಬುಸ್ ಅನ್ನುತ್ತವೆ, ಇಲ್ಲಾಂದ್ರೆ ಮಾಯ. ಸಾಕಿದ ಬೆಕ್ಕು ಕಳೆದುಹೋಗಿ ಬಂದಿದ್ದಲ್ಲ ಇವು, ಬೀದಿಯಲ್ಲೇ ಹುಟ್ಟಿ ಬೆಳೆದವು ಅನ್ನಿಸುತ್ತದೆ.

ನಾನು ಒಂದು ವಾರದಿಂದ ಸಂಜೆ ಹಾಲು ಅನ್ನ ಇಡುತ್ತಿದ್ದೇನೆ. ಬೆಳಗ್ಗೆ ತಟ್ಟೆ ಖಾಲಿ. ತಿಂದಿದ್ದು ಬೆಕ್ಕೋ ಹೆಗ್ಗಣವೋ ದೇವರಿಗೇ ಗೊತ್ತು. ಇಷ್ಟರಲ್ಲಿ ಪಕ್ಕದ ಮಡಿಯ ಅಂಕಲ್ ಬಿತ್ತಿದ ಮೆಂತ್ಯವನ್ನು ಯಾವುದೋ ಬೆಕ್ಕು ಕೆದಕಿ, ಅಲ್ಲೇ ಕೆಲಸ ಮುಗಿಸಿ ಮುಚ್ಚಿಟ್ಟು ಹೋಗಿದೆ. ಅವರು ಕಿರುಚಾಡಿ "ಊಟ ಹಾಕಿ ಹಾಕಿ ನೀವೇ ಸೇರಿಸ್ತಾ ಇದ್ದೀರ, ಮುಂದಿನ ಸಲ ಇಲಿ ಪಾಷಾಣ ಇಡ್ತೀನಿ" ಅಂದರು. ಕೋಪದಲ್ಲಿ ಅಂದಿದ್ದು, ಇಡುವವರಲ್ಲ. ಆದರೂ ಎದೆ ಧಸಕ್ ಅಂತು.

ನಿಲ್ಲಿಸಿಬಿಡಲಾ? ಮುಂದುವರಿಸಿದರೆ ಅವು ಎಂದಾದರೂ ನನ್ನನ್ನು ನಂಬುತ್ತವಾ? ಮಡಿಗಳನ್ನು ಹೇಗೆ ಉಳಿಸಿಕೊಳ್ಳುವುದು? ಅನುಭವ ಇದ್ದವರು ಹೇಳಿ.

ಏಳುಮನೆಬೆಕ್ಕು:

ಮೊದಲು ಹಾಲು ನಿಲ್ಲಿಸಿ. ಬೆಕ್ಕು ಅಂದರೆ ಹಾಲು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ, ಆದರೆ ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಭೇದಿ ಆಗುತ್ತದೆ. ಆ ಭೇದಿ ನಿಮ್ಮ ಅಂಕಲ್ ಮೆಂತ್ಯದ ಮಡಿಯಲ್ಲೇ ಆಗುತ್ತದೆ! ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ್ದೇ ಸರಿ. ಬಟ್ಟಲಲ್ಲಿ ನೀರು ಇಡಿ, ಸಾಕು.

ನಾನು ಮೈಸೂರಿನವನು, ಒಂಬತ್ತು ವರ್ಷದಿಂದ ಮನೆ ಹಿಂದಿನ ಖಾಲಿ ಜಾಗದ ಬೆಕ್ಕುಗಳಿಗೆ ಊಟ ಹಾಕುತ್ತಿದ್ದೇನೆ. ಕಲಿತ ದೊಡ್ಡ ಪಾಠ ಏನೆಂದರೆ ಊಟ ಇಟ್ಟು ಹೋಗಬಾರದು. ದಿನಾ ಒಂದೇ ಹೊತ್ತು, ಒಂದೇ ಜಾಗ, ಇಟ್ಟು ನೀವು ಅಲ್ಲೇ ಇರಬೇಕು. ಅರ್ಧ ಗಂಟೆ ನೋಡಿ, ಉಳಿದಿದ್ದನ್ನು ಎತ್ತಿಕೊಂಡು ಬಂದುಬಿಡಿ. ರಾತ್ರಿಯೆಲ್ಲ ತಟ್ಟೆ ಬಿಟ್ಟರೆ ಹೆಗ್ಗಣ, ಕಾಗೆ, ನಾಯಿ ಎಲ್ಲಕ್ಕೂ ನೀವೇ ಅನ್ನದಾತೆ. ಅಂಕಲ್ ಹೇಳಿದ್ದರಲ್ಲಿ ಅಷ್ಟು ನಿಜ ಇದೆ. ಇರುವೆಗೆ ನಮ್ಮಜ್ಜಿಯ ಉಪಾಯ: ಅಗಲದ ತಟ್ಟೆಯಲ್ಲಿ ನೀರು ತುಂಬಿ ಅದರ ಮಧ್ಯೆ ಊಟದ ಬಟ್ಟಲು ಇಡಿ. ತುಪ್ಪದ ಡಬ್ಬಿಗೆ ಮಾಡುತ್ತಿದ್ದರಲ್ಲ, ಹಾಗೆ.

ಇನ್ನು ಸ್ನೇಹದ ವಿಷಯ. ಊಟ ಇಟ್ಟು ಹತ್ತು ಹನ್ನೆರಡು ಅಡಿ ದೂರ ಹೋಗಿ ಕೂತುಕೊಳ್ಳಿ. ನಿಲ್ಲಬೇಡಿ, ಕೂತುಕೊಳ್ಳಿ, ಅದೂ ಎದುರಾಗಿ ಅಲ್ಲ, ಪಕ್ಕಕ್ಕೆ ತಿರುಗಿ. ಕಣ್ಣಿಟ್ಟು ನೋಡಬೇಡಿ. ಬೆಕ್ಕಿನ ಲೆಕ್ಕದಲ್ಲಿ ದಿಟ್ಟಿಸಿ ನೋಡುವುದು ಅಂದರೆ ಜಗಳಕ್ಕೆ ಕರೆದಂತೆ. ನೋಡಲೇಬೇಕು ಅನ್ನಿಸಿದರೆ ನಿದ್ದೆ ಬಂದವರ ಹಾಗೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಒಂದು ದಿನ ಅದೂ ಹಾಗೇ ಮಾಡುತ್ತದೆ. ಆ ದಿನ ಮನೆಗೆ ಹೋಗಿ ಯಾರಿಗಾದರೂ ಹೇಳಿದರೆ ಹುಚ್ಚು ಅನ್ನುತ್ತಾರೆ, ಅದು ಬೇರೆ ವಿಷಯ. ಊಟ ಇಡುವಾಗೆಲ್ಲ ಒಂದೇ ಸದ್ದು ಮಾಡಿ. ನಾನು ಸ್ಟೀಲ್ ಬಟ್ಟಲಿಗೆ ಚಮಚದಲ್ಲಿ ಎರಡು ಸಲ ತಟ್ಟುತ್ತೇನೆ. ಮೂರು ನಾಲ್ಕು ದಿನಕ್ಕೊಮ್ಮೆ ಬಟ್ಟಲನ್ನು ನಿಮ್ಮ ಕಡೆ ಒಂದು ಗೇಣು ಸರಿಸಿ. ಅವು ತಿನ್ನದೆ ನಿಂತರೆ ಮತ್ತೆ ಹಿಂದಕ್ಕೆ ಇಡಿ. ಕೈ ಚಾಚಲು ಹೋಗಲೇಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮರಿಗಳು ಮನುಷ್ಯರಿಗೆ ಹೊಂದಿಕೊಳ್ಳುವ ಕಾಲ ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದ ತನಕ. ಅದು ದಾಟಿತೆಂದರೆ ಬಹಳ ಕಷ್ಟ. ಬೂದಿಗೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು, ಕೆಂಚನ ಮೇಲೆ ಬೇಡ. ನನ್ನ ಹತ್ತಿರ ಆರು ವರ್ಷ ಊಟ ತಿಂದ ಒಂದು ಕಪ್ಪು ಬೆಕ್ಕನ್ನು ನಾನು ಒಂದೇ ಒಂದು ಸಲ ಮುಟ್ಟಿದ್ದೇನೆ, ಅದು ಸತ್ತ ದಿನ. ಬಾಲ ಮೇಲೆತ್ತಿ ಬಂದರೆ ಅದು ಹಿಂದೆ ಮನೆಯಲ್ಲಿದ್ದ ಬೆಕ್ಕಾಗಿರಬಹುದು, ಅದನ್ನು ಬೇರೆ ಥರ ನೋಡಬೇಕು.

ಅಂದ ಹಾಗೆ ಚಿತ್ರಾನ್ನ ಹೆಣ್ಣು. ಮೂರು ಬಣ್ಣ ಇದ್ದರೆ ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸೂರಕ್ಕಿ:

ನನ್ನ ಮಾತು ಇಲ್ಲಿ ಯಾರಿಗೂ ಇಷ್ಟ ಆಗಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ಹಾಗಲದ ಬೇಲಿ ಇದೆ ಅಂದಿರಿ. ಹಾಗಿದ್ದರೆ ಅಲ್ಲಿ ಸಿಂಪಿಗ ಹಕ್ಕಿ ಎಲೆ ಹೊಲಿದು ಗೂಡು ಕಟ್ಟಿರುತ್ತದೆ, ಸೂರಕ್ಕಿ ಬರುತ್ತಿರುತ್ತದೆ, ಓತಿಕ್ಯಾತ, ಅಳಿಲು ಇರುತ್ತವೆ. ಹೊಟ್ಟೆ ತುಂಬಿದ ಬೆಕ್ಕು ಬೇಟೆ ಆಡಲ್ಲ ಅನ್ನುವುದು ಸುಳ್ಳು. ಅದು ಹಸಿವಿಗೆ ಮಾತ್ರ ಬೇಟೆ ಆಡುವ ಪ್ರಾಣಿ ಅಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ಸುಮ್ನೆ ಹೇಳಲಿಲ್ಲ ಹಿರಿಯರು.

ಇಲಿ ಹಿಡಿಯುತ್ತವೆ ಅಂತ ಯಾರಾದರೂ ಹೇಳಲು ಬರುವ ಮೊದಲೇ ಒಂದು ಸಂಗತಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇಲಿಗಳು ತುಂಬಿದ್ದ ಒಂದು ಕಸದ ಕಾರ್ಖಾನೆಯಲ್ಲಿ ಸಂಶೋಧಕರು ಕ್ಯಾಮೆರಾ ಇಟ್ಟು ನೋಡಿದ್ದರು, 2018ರಲ್ಲಿ ಪ್ರಕಟವಾಯಿತು. 79 ದಿನಗಳ ಚಿತ್ರೀಕರಣದಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ಎರಡು ಇಲಿ. ಚಿಕ್ಕ ಸುಂಡಿಲಿ ಆದರೆ ಸರಿ, ದೊಡ್ಡದರ ಸಹವಾಸಕ್ಕೆ ಬೆಕ್ಕು ಹೋಗುವುದು ಕಡಿಮೆ. ನಮ್ಮ ಹೆಗ್ಗಣಕ್ಕಂತೂ ಬೆಕ್ಕೇ ದಾರಿ ಬಿಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪಾಷಾಣ ಇಡಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಆದರೆ ಊಟ ಹಾಕಿ ನಾಲ್ಕು ಇದ್ದಿದ್ದು ಹದಿನಾಲ್ಕು ಆದರೆ ಅದಕ್ಕೆ ಯಾರು ಹೊಣೆ? ಬರೀ ಊಟ ಹಾಕುವುದು ನಮ್ಮ ಮನಸ್ಸಿನ ಸಮಾಧಾನಕ್ಕೆ, ಅಷ್ಟೇ.

ಬೋನಿನವಳು:

ಸೂರಕ್ಕಿಯವರೇ, ನಿಮ್ಮ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ, ಮತ್ತು ನಾನು ಬೆಕ್ಕಿನ ಕಡೆಯವಳು.

ದಂಟಿನಸೊಪ್ಪು ಅವರೇ, ಸಂತಾನಹರಣ ಚಿಕಿತ್ಸೆ ಮಾಡಿಸುವ ಯೋಚನೆ ಇಲ್ಲದಿದ್ದರೆ ಇವತ್ತೇ ಊಟ ನಿಲ್ಲಿಸುವುದು ವಾಸಿ. ಲೆಕ್ಕ ನೋಡಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬ ಆಗಬಹುದು. 63ರಿಂದ 65 ದಿನಕ್ಕೆ ಮರಿ, ಒಂದು ಸೂಲಿಗೆ ಮೂರೋ ನಾಲ್ಕೋ. ಮರಿಗೆ ಹಾಲು ಕುಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರುತ್ತದೆ. ನಮ್ಮಲ್ಲಿ ಚಳಿ ದೇಶಗಳ ಹಾಗೆ ಕೊರೆಯುವ ಚಳಿಗಾಲ ಇಲ್ಲ, ಹಾಗಾಗಿ ಹೆಚ್ಚುಕಡಿಮೆ ವರ್ಷಪೂರ್ತಿ ಇದು ನಡೆಯುತ್ತದೆ. ನಿಮ್ಮ ಚಿತ್ರಾನ್ನ ಹೆಣ್ಣು, ಕೆಂಚ ಬಹುಶಃ ಗಂಡು (ಕೆಂಪು ಬೆಕ್ಕುಗಳಲ್ಲಿ ಗಂಡೇ ಜಾಸ್ತಿ, ದಪ್ಪ ತಲೆ ಬೇರೆ ಹೇಳಿದಿರಿ). ಯುಗಾದಿ ಹೊತ್ತಿಗೆ ನಿಮ್ಮ ಶೀಟಿನ ರಾಶಿ ಹೆರಿಗೆ ಆಸ್ಪತ್ರೆ ಆಗಿರುತ್ತದೆ.

ಓಡಿಸಿಬಿಟ್ಟರೆ ಆಯ್ತಲ್ಲ ಅನ್ನುತ್ತಾರೆ. ಗೊಬ್ಬರದ ಗುಂಡಿ, ಮರೆ, ನೀರು ಮೂರೂ ಇರುವ ಜಾಗ ಖಾಲಿ ಇರುವುದಿಲ್ಲ, ಬೇರೆ ಬೆಕ್ಕು ಬಂದು ಕೂರುತ್ತದೆ. ಹಿಡಿದು ದೂರದ ಮೀನು ಮಾರ್ಕೆಟ್ಟಿನಲ್ಲಿ ಬಿಟ್ಟು ಬರುವುದು ಇನ್ನೂ ಕೆಟ್ಟದ್ದು, ಗೊತ್ತಿಲ್ಲದ ಜಾಗದಲ್ಲಿ ಬಹಳ ಬೆಕ್ಕುಗಳು ಬದುಕುವುದಿಲ್ಲ. ಹಿಡಿಯಬೇಕು, ಆಪರೇಷನ್ ಮಾಡಿಸಬೇಕು, ಅಲ್ಲೇ ತಂದು ಬಿಡಬೇಕು. ಇದೊಂದೇ ದಾರಿ.

ಹೇಗೆ ಅಂದರೆ, ಪ್ರಾಣಿದಯಾ ಸಂಸ್ಥೆಗಳವರು ಬೋನು ಎರವಲು ಕೊಡುತ್ತಾರೆ, ಆಪರೇಷನ್‌ಗೆ ದಿನ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಬೋನು ತಂದ ತಕ್ಷಣ ಹಿಡಿಯಲು ಹೋಗಬೇಡಿ. ಬಾಗಿಲನ್ನು ಮೇಲಕ್ಕೆ ಕಟ್ಟಿ, ಒಂದು ವಾರ ದಿನದ ಊಟವನ್ನು ಬೋನಿನ ಒಳಗೇ ಇಡಿ, ಮೊದಲು ಬಾಗಿಲ ಹತ್ತಿರ, ಆಮೇಲೆ ಇನ್ನೂ ಒಳಕ್ಕೆ. ಹಿಡಿಯುವ ಹಿಂದಿನ ದಿನ ಊಟ ಇಲ್ಲ, ನೀರು ಮಾತ್ರ. ಮನಸ್ಸು ಕಲ್ಲು ಮಾಡಿಕೊಳ್ಳಬೇಕು. ಅವತ್ತು ಅಕ್ಕಪಕ್ಕದವರೂ ಏನೂ ಹಾಕದ ಹಾಗೆ ಹೇಳಿಬಿಡಿ, ನಮ್ಮಲ್ಲಿ ಒಬ್ಬ ಅಜ್ಜಿ ಪಾಪ ಅಂತ ಬನ್ ಹಾಕಿ ಇಡೀ ಪ್ಲಾನ್ ಹಾಳು ಮಾಡಿದ್ದರು. ಬೋನಿನ ತಳಕ್ಕೆ ನ್ಯೂಸ್ ಪೇಪರ್, ಒಳಗೆ ಘಮ್ಮೆನ್ನುವ ಬೂತಾಯಿ ಮೀನು. ಬಾಗಿಲು ಬಿದ್ದ ಕ್ಷಣ ಬೆಕ್ಕು ಹುಚ್ಚೆದ್ದು ಬಡಿದಾಡುತ್ತದೆ, ಹೆದರಬೇಡಿ, ದಪ್ಪ ಬೆಡ್‌ಶೀಟ್ ಹೊದಿಸಿ. ಕತ್ತಲಾದ ತಕ್ಷಣ ಮಷೀನ್ ಆಫ್ ಮಾಡಿದ ಹಾಗೆ ಸುಮ್ಮನಾಗುತ್ತದೆ. ಬರಿಗೈಯಲ್ಲಿ ಎತ್ತಿ ಇನ್ನೊಂದು ಬುಟ್ಟಿಗೆ ಹಾಕುವ ಸಾಹಸ ಯಾವ ಕಾರಣಕ್ಕೂ ಬೇಡ.

ಮೊದಲು ಹೆಣ್ಣನ್ನು ಹಿಡಿಯಿರಿ. ಹಿಡಿಯುವ ಮೊದಲು ಹೊಟ್ಟೆ ಕಡೆ ನೋಡಿ, ಮೊಲೆಗಳು ಜೋತುಬಿದ್ದಿದ್ದರೆ ಎಲ್ಲೋ ಮರಿಗಳಿವೆ ಅಂತ ಅರ್ಥ, ಡಾಕ್ಟರಿಗೆ ಮೊದಲೇ ಹೇಳಬೇಕು. ಗಂಡನ್ನು ಆಪರೇಷನ್ ಆದ ಮರುದಿನ ಬಿಡಬಹುದು, ಹೆಣ್ಣಿಗೆ ಎರಡು ಮೂರು ದಿನ ಬೇಕು. ಒಂದು ಕಿವಿಯ ತುದಿಯನ್ನು ನೇರವಾಗಿ ಕತ್ತರಿಸಿ ಕಳಿಸುತ್ತಾರೆ. ನೋಡಿ ಅಯ್ಯೋ ಅನ್ನಬೇಡಿ, ಮತ್ತೊಮ್ಮೆ ಅದನ್ನೇ ಹಿಡಿದು ಹೊಟ್ಟೆ ಕೊಯ್ಯದಿರಲಿ ಅಂತ ಆ ಗುರುತು. ಆಮೇಲೆ ಗಂಡುಗಳ ರಾತ್ರಿ ಜಗಳ, ಅಲ್ಲಲ್ಲಿ ಉಚ್ಚೆ ಸಿಡಿಸುವ ವಾಸನೆ ಎಲ್ಲ ಕಡಿಮೆ ಆಗುತ್ತದೆ. ನಿಮ್ಮ ಅಂಕಲ್‌ಗೆ ಒಪ್ಪಿಗೆ ಆಗುವ ವಾದ ಇದೊಂದೇ ಇರಬಹುದು.

ಕಾನೂನು ಕೇಳಿದರೆ ಹೇಳಿ: 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿ 20ನೇ ನಿಯಮ ಊಟ ಹಾಕುವುದರ ಬಗ್ಗೆಯೇ ಇದೆ. ಮಕ್ಕಳು ಆಡುವ ಜಾಗ, ಬಾಗಿಲು, ಮೆಟ್ಟಿಲು ಬಿಟ್ಟು ಒಂದು ಜಾಗ ಗೊತ್ತು ಮಾಡಿ, ಹೊತ್ತು ಗೊತ್ತು ಮಾಡಿ, ಗಲೀಜು ಮಾಡದೆ ಹಾಕಬೇಕು, ಅದಕ್ಕೆ ನಿವಾಸಿಗಳ ಸಂಘ ಏರ್ಪಾಡು ಮಾಡಿಕೊಡಬೇಕು. ಬರೆದಿರುವುದು ಬಹುಮಟ್ಟಿಗೆ ನಾಯಿಗಳನ್ನು ಮನಸ್ಸಿನಲ್ಲಿಟ್ಟು, ಆದರೆ ನಿಯಮದಲ್ಲಿರುವ ಪದ ಸಮುದಾಯ ಪ್ರಾಣಿಗಳು ಅಂತ. ವಿಷ ಇಟ್ಟು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು. ಇದನ್ನು ಮೊದಲ ಮೀಟಿಂಗಿನಲ್ಲೇ ಎತ್ತಿ ತೋರಿಸಬೇಡಿ ಅಷ್ಟೇ. ಕಲಂ ತೋರಿಸಿದರೆ ಗೆಲ್ಲಬಹುದು, ಆದರೆ ನಾಳೆ ಬೆಳಗ್ಗೆ ಅದೇ ಅಂಕಲ್ ಪಕ್ಕದ ಮಡಿಗೆ ನೀರು ಹಾಕುತ್ತಿರುತ್ತಾರೆ.

ಬೂತಾಯಿ ಗಸಿ:

ಮೀನಿನ ಹೆಸರು ಬಂತು, ಸುಮ್ಮನಿರಲು ಆಗಲಿಲ್ಲ 😀 ನಾನು ಮಂಗಳೂರು ಕಡೆ. ಇಲ್ಲಿ ಬೆಕ್ಕಿಗೆ ಮೀನಿನ ತಲೆ ಬಾಲ ಹಾಕುವುದು ಇದ್ದದ್ದೇ. ಮಸಾಲೆ ಹಾಕುವ ಮೊದಲೇ ಎತ್ತಿಟ್ಟು, ನೀರಲ್ಲಿ ಬೇಯಿಸಿ, ಮುಳ್ಳು ತೆಗೆದು, ಸ್ವಲ್ಪ ಅನ್ನಕ್ಕೆ ಕಲಸಿ ಹಾಕಿ. ಉಳಿದ ಸಾರು, ಹುಳಿ, ಗಸಿ ಯಾವುದೂ ಬೇಡ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತದೆ. ಕೋಳಿ ಅಂಗಡಿಯಲ್ಲಿ ಸಿಗುವ ಗುಂಡಿಗೆ, ಲಿವರ್ ಬೇಯಿಸಿ ಹಾಕಬಹುದು, ಲಿವರ್ ಮಾತ್ರ ದಿನಾ ಬೇಡ. ಬೇಯಿಸಿದ ಕೋಳಿ ಮೂಳೆ ಬೇಡವೇ ಬೇಡ, ಅದು ಸಿಗಿದು ಗಂಟಲಿಗೆ ಚುಚ್ಚುತ್ತದೆ.

ನಿಮ್ಮ ಮನೆ ಶಾಖಾಹಾರಿ ಆದರೆ ಮೊಸರನ್ನದಲ್ಲಿ ಬೆಕ್ಕು ಬದುಕುತ್ತದೆ ಅಂತ ನಂಬಬೇಡಿ. ಅದಕ್ಕೆ ಬೇಕಾದ ಟಾರಿನ್ ಅನ್ನುವ ಅಂಶ ಮಾಂಸ ಮೀನಿನಲ್ಲಿ ಇರುವುದು, ಅದಿಲ್ಲದಿದ್ದರೆ ಕಣ್ಣು, ಹೃದಯ ಎರಡೂ ಹೋಗುತ್ತದೆ. ಅಂಥವರಿಗೆ ಅಂಗಡಿಯ ಒಣ ಫುಡ್ಡೇ ಸುಲಭ. ಬೆಕ್ಕಿನದು ತನ್ನಿ, ನಾಯಿಯದು ಅಲ್ಲ.

ಮಡಿಗೆ: ಬಿತ್ತಿದ ಮೇಲೆ ಕೋಳಿ ಜಾಲರಿಯನ್ನು ಮಣ್ಣಿನ ಮೇಲೆ ಮಲಗಿಸಿ ಕಲ್ಲಿಡಿ, ಮೊಳಕೆ ಅದರ ಸಂದಿಯಲ್ಲೇ ಬರುತ್ತದೆ, ಬೆಕ್ಕಿಗೆ ಕೆದಕಲು ಆಗಲ್ಲ. ನಮ್ಮಲ್ಲಿ ತೆಂಗಿನ ಸಿಪ್ಪೆ ಹಾಸುತ್ತೇವೆ. ಒಣಗಿದ ಪುಡಿ ಮಣ್ಣೇ ಅವಕ್ಕೆ ಇಷ್ಟ, ಆದ್ದರಿಂದ ಮೂಲೆಯಲ್ಲಿ ಒಂದು ಬಾಣಲೆ ಮರಳು ಸುರಿದು ಅವಕ್ಕೆಂದೇ ಬಿಟ್ಟುಬಿಡಿ. ಮೂಳೆ ಪುಡಿ, ಮೀನಿನ ಗೊಬ್ಬರ ಹಾಕಿದ ಮಡಿಗೆ ಬೆಕ್ಕು ಬಂದು ಅಗೆಯದಿದ್ದರೆ ಆಶ್ಚರ್ಯ. ಅಂಕಲ್ ಏನಾದರೂ ಅದನ್ನೇ ಹಾಕಿದ್ದಾರಾ ಕೇಳಿ ನೋಡಿ.

ಹೆಬ್ಬಾಳದ ಹಳೇ ವಿದ್ಯಾರ್ಥಿ:

ಪಶುವೈದ್ಯ ನಾನು. ಮೇಲಿನವರು ಬಹುತೇಕ ಹೇಳಿದ್ದಾರೆ, ಬಿಟ್ಟಿದ್ದಷ್ಟೇ ಹೇಳುತ್ತೇನೆ.

ಕಚ್ಚಿದರೂ ಸರಿ, ಪರಚಿದರೂ ಸರಿ, ರಕ್ತ ಬಾರದಿದ್ದರೂ "ಬೆಕ್ಕು ತಾನೇ" ಅನ್ನಬೇಡಿ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ನಲ್ಲಿ ನೀರು ಬಿಟ್ಟು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ ಚುಚ್ಚುಮದ್ದು. ಗಾಯ ನೋಡಿ ಇಮ್ಯುನೊಗ್ಲಾಬ್ಯುಲಿನ್ (ಗಾಯಕ್ಕೇ ಕೊಡುವ ಸಿದ್ಧ ಪ್ರತಿಕಾಯದ ಮದ್ದು) ಬೇಕೋ ಬೇಡವೋ ಅವರು ಹೇಳುತ್ತಾರೆ. ದಿನಾ ಊಟ ಹಾಕುವವರು, ಬೋನು ಹಿಡಿಯುವವರು ಮೊದಲೇ ಲಸಿಕೆ ಹಾಕಿಸಿಕೊಂಡಿದ್ದರೆ ಒಳ್ಳೆಯದು.

ಮಡಿಯಲ್ಲಿ ಬೆಕ್ಕಿನ ಹೇಲು ಸಿಕ್ಕರೆ ಅಂದಂದೇ ಗ್ಲೌಸ್ ಹಾಕಿ ತೆಗೆಯಿರಿ. ಅದರಲ್ಲಿ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಸೂಕ್ಷ್ಮಜೀವಿ ಇದ್ದರೆ ಹೊರಗೆ ಬಿದ್ದ ಒಂದರಿಂದ ಐದು ದಿನದಲ್ಲಿ ಅದು ಸೋಂಕು ತರುವ ಹಂತಕ್ಕೆ ಬರುತ್ತದೆ, ಆಮೇಲೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬಸುರಿಯರು ಆ ಮಣ್ಣಿನ ಕೆಲಸಕ್ಕೆ ಇಳಿಯುವುದು ಬೇಡ. ಸೊಪ್ಪು ತೊಳೆಯುವುದು ಬೆಕ್ಕಿದ್ದರೂ ಇಲ್ಲದಿದ್ದರೂ ತಪ್ಪಿಸಬಾರದು. ಗೊಬ್ಬರದ ಗುಂಡಿಗೆ ಅದನ್ನು ಹಾಕಬೇಡಿ.

ಇನ್ನೊಂದು, ದಯವಿಟ್ಟು. ಬೆಕ್ಕು ಮಂಕಾಗಿದೆ ಅಂತ ಮನೆಯಲ್ಲಿರುವ ಜ್ವರದ ಮಾತ್ರೆ ಪುಡಿ ಮಾಡಿ ಹಾಕುವವರಿದ್ದಾರೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಕು ಕೊಲ್ಲಲು. ತೋಟದಲ್ಲಿ ಲಿಲ್ಲಿ ಗಿಡ ಇದ್ದರೆ ಅದನ್ನೂ ತೆಗೆದುಬಿಡಿ, ಅದರ ಪರಾಗ ಮೈಗೆ ಅಂಟಿ ನೆಕ್ಕಿಕೊಂಡರೂ ಮೂತ್ರಪಿಂಡ ಹೋಗುತ್ತದೆ. ಹೆಗ್ಗಣಕ್ಕೆ ಅಂತ ಇಟ್ಟ ಪಾಷಾಣವೂ ಅಷ್ಟೇ, ಅದನ್ನು ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ಏರುತ್ತದೆ, ಗೂಬೆಗೂ ಏರುತ್ತದೆ. ಸೂರಕ್ಕಿಯವರು ಮತ್ತು ಬೆಕ್ಕಿನವರು ಇದೊಂದರಲ್ಲಿ ಒಂದೇ ಪಕ್ಷ.

ದಂಟಿನಸೊಪ್ಪು:

ಎಂಟು ವಾರ ಆಯಿತು, ಏನಾಯಿತು ಅಂತ ಹೇಳದೆ ಹೋದರೆ ಸರಿ ಅಲ್ಲ ಅಂತ ಬರೆಯುತ್ತಿದ್ದೇನೆ.

ಅಂಕಲ್ ಮಡಿಗೆ ಮೂಳೆ ಪುಡಿಯನ್ನೇ ಹಾಕಿದ್ದರು! ಬೂತಾಯಿ ಗಸಿಯವರ ಮಾತು ಓದಿ ಹೇಳಿದಾಗ ಮೊದಲು ನಂಬಲಿಲ್ಲ, ಆಮೇಲೆ ತಾವೇ ಜಾಲರಿ ತಂದು ಹಾಸಿದರು. ನನ್ನ ಮಡಿಗೂ ಒಂದು ತುಂಡು ಕೊಟ್ಟರು. ಮರಳಿನ ಮೂಲೆಯನ್ನು ಬೆಕ್ಕುಗಳು ಎರಡೇ ದಿನದಲ್ಲಿ ಒಪ್ಪಿಕೊಂಡವು, ಅದನ್ನು ಬಳಿಯುವ ಪಾಳಿ ಮಾತ್ರ ಇನ್ನೂ ನನ್ನೊಬ್ಬಳದೇ.

ಬೋನು ತಂದು ವಾರ ಪೂರ್ತಿ ಬಾಗಿಲು ಕಟ್ಟಿ ಊಟ ಇಟ್ಟೆ. ಚಿತ್ರಾನ್ನ ಮೊದಲ ದಿನವೇ ಸಿಕ್ಕಿಬಿದ್ದಳು, ಆಪರೇಷನ್‌ಗೆ ಒಯ್ದಾಗ ಆಗಲೇ ಗಬ್ಬ ಆಗಿದ್ದಳು, ಆರಂಭದ ದಿನಗಳಂತೆ. ಡಾಕ್ಟರು ಮಾಡಿದರು. ಮಾಡಿಸಿದ್ದು ಸರಿ ಅಂತ ಗೊತ್ತು, ಆದರೂ ಅವತ್ತು ರಾತ್ರಿ ಊಟ ಸೇರಲಿಲ್ಲ, ಅದನ್ನು ಇಲ್ಲಿ ಹೇಳಿಕೊಳ್ಳದೆ ಇನ್ನೆಲ್ಲಿ ಹೇಳಲಿ. ಬೂದಿಯೂ ಹೆಣ್ಣೇ, ಅವಳದೂ ಆಯಿತು. ಬಾಲ ಮಾತ್ರ ಕಂಡಿದ್ದ ಕಪ್ಪು ಬಿಳಿಯದು ಗಂಡು, ಮೂರನೇ ಪ್ರಯತ್ನಕ್ಕೆ ಬಿತ್ತು. ಕೆಂಚ ಮಾತ್ರ ಬೋನಿನ ಸುತ್ತ ಪ್ರದಕ್ಷಿಣೆ ಹಾಕಿ, ಮೇಲೆ ಹತ್ತಿ ಕೂತು, ಕೆಳಗಿನ ಮೀನನ್ನು ಕಂಬಿ ಸಂದಿಯಿಂದ ಎಳೆದುಕೊಂಡು ತಿಂದು ಹೋಗುತ್ತಾನೆ. ಬೋನಿನವಳು ಅವರೇ, ಇವನಿಗೇನಾದರೂ ಬೇರೆ ಉಪಾಯ ಇದೆಯಾ? ದೊಡ್ಡ ಬುಟ್ಟಿಗೆ ಹಗ್ಗ ಕಟ್ಟಿ, ದೂರ ಕೂತು, ಅವನು ಕೆಳಗೆ ಬಂದಾಗ ಎಳೆದು ಬೀಳಿಸುವ ಥರದ ಬಲೆ ಇರುತ್ತದೆ ಅಂತ ಯಾರೋ ಅಂದರು, ಅದು ನಡೆಯುತ್ತದಾ?

ಸೂರಕ್ಕಿಯವರೇ, ಹಾಗಲದ ಬೇಲಿಯಲ್ಲಿ ಸಿಂಪಿಗನ ಗೂಡು ಇದ್ದಿದ್ದು ನಿಜ. ನೀವು ಹೇಳಿದ ಮೇಲೆಯೇ ಕಣ್ಣಿಗೆ ಬಿತ್ತು. ಊಟದ ಜಾಗವನ್ನು ಅಲ್ಲಿಂದ ಪೂರ್ತಿ ಆ ಕಡೆ ಮೂಲೆಗೆ ಬದಲಾಯಿಸಿ, ಬೇಲಿ ಬುಡಕ್ಕೆ ಕಾಗದದ ಹೂವಿನ ಮುಳ್ಳು ಕಡ್ಡಿ ಹಾಕಿದ್ದೇವೆ. ಮರಿ ಹಾರಿದವೋ ಬೇರೇನಾಯಿತೋ ನೋಡಲಿಲ್ಲ, ಒಂದು ಬೆಳಗ್ಗೆ ಗೂಡು ಖಾಲಿ ಇತ್ತು.

ಇನ್ನು ಸ್ನೇಹ. ಹನ್ನೆರಡು ಅಡಿಯಿಂದ ಶುರುವಾಗಿ ಈಗ ನಾಲ್ಕು ಅಡಿಗೆ ಬಂದಿದ್ದೇವೆ. ಆಪರೇಷನ್ ಆದಮೇಲೆ ಚಿತ್ರಾನ್ನ ಹತ್ತು ದಿನ ನನ್ನ ಮುಖ ನೋಡಲಿಲ್ಲ, ಈಗ ಮತ್ತೆ ಬರುತ್ತಾಳೆ, ಕಿವಿ ತುದಿ ಇಲ್ಲದೆ ಸ್ವಲ್ಪ ರೌಡಿ ಥರ ಕಾಣುತ್ತಾಳೆ. ಬೂದಿ ನಿನ್ನೆ ಊಟ ಮುಗಿಸಿ ಓಡಿಹೋಗದೆ ಅಲ್ಲೇ ಕೂತು ಮೈ ನೆಕ್ಕಿಕೊಂಡಳು. ನಾನು ನಿಧಾನವಾಗಿ ಕಣ್ಣು ಮುಚ್ಚಿ ತೆರೆದೆ. ಅವಳು ಆಕಳಿಸಿ ಆ ಕಡೆ ತಿರುಗಿದಳು. ಏಳುಮನೆಬೆಕ್ಕು ಅವರೇ, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದಾ?

ಏಳುಮನೆಬೆಕ್ಕು:

ಧಾರಾಳವಾಗಿ. ಬೆನ್ನು ತೋರಿಸಿ ಕೂತಳು ಅಂದರೆ ನಿಮ್ಮಿಂದ ಅಪಾಯ ಇಲ್ಲ ಅಂತ ಅವಳಿಗೆ ಅನ್ನಿಸಿದೆ. ನಾಳೆ ಬಟ್ಟಲನ್ನು ಹತ್ತಿರ ಸರಿಸಬೇಡಿ, ಇನ್ನೊಂದು ವಾರ ಅಲ್ಲೇ ಇರಲಿ.